ನಾಲ್ಕು ಎಕ್ಕಗಳು

‘ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು’ ಎಂಬುದು ಕನ್ನಡದ ಹಳೆಯ ಗಾದೆ. ಕಣ್ಣಿಗಿಂತ ಮಿಗಿಲಾದ ಸಾಕ್ಷಿಯಿಲ್ಲವೆಂದು ಲೋಕ ನಂಬಿರುವಾಗ, ಕಂಡುದನ್ನೂ ವಿಚಾರಿಸಿ ನೋಡಬೇಕೆಂದು ಈ ಗಾದೆ ಎಚ್ಚರಿಸುತ್ತದೆ. ಈ ಮಾತಿನ ಸತ್ಯವನ್ನು ಮನಗಾಣಲು ಒಂದು ಕಟ್ಟು ಇಸ್ಪೀಟು ಸಾಕು.

ಜಾದೂಗಾರನು ಸಭೆಯ ಮುಂದೆ ನಿಂತು ಎಲೆಗಳನ್ನು ಕಲಸುತ್ತಾನೆ. ಕಟ್ಟಿನ ತಳದ ಎಲೆಯನ್ನು ಎತ್ತಿ ತೋರಿಸುತ್ತಾನೆ, ಅದು ಎಕ್ಕ. ಅದನ್ನು ಮೇಜಿನ ಮೇಲೆ ಕವುಚಿ ಇಡುತ್ತಾನೆ. ಹೀಗೆಯೇ ಎರಡನೆಯ, ಮೂರನೆಯ, ನಾಲ್ಕನೆಯ ಎಕ್ಕಗಳನ್ನೂ ತೋರಿಸಿ ಇಡುತ್ತಾನೆ. ಮೇಜಿನ ಮೇಲಿರುವುದು ನಾಲ್ಕು ಎಕ್ಕಗಳೇ ಎಂದು ನೋಡಿದವರೆಲ್ಲರೂ ಆಣೆಯಿಟ್ಟು ಹೇಳಬಲ್ಲರು. ಆದರೆ ಎಲೆಗಳನ್ನು ಮಗುಚಿದಾಗ ಅಲ್ಲಿ ಕಾಣುವುದು ನಾಲ್ಕು ಗುಲಾಮಗಳು!

ಈ ಆಟ ಇಂದು ನಿನ್ನೆಯದಲ್ಲ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಎಂಬಾತನು ಪ್ರಕಟಿಸಿದ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಎಂಬ ಗ್ರಂಥದಲ್ಲಿಯೇ ಇದರ ವಿವರಣೆಯಿದೆ. ಇದರ ಗುಟ್ಟು ಬಹು ಸರಳ. ನಾಲ್ಕು ಎಕ್ಕಗಳನ್ನೂ ನಾಲ್ಕು ಗುಲಾಮಗಳನ್ನೂ ಒಂದು ಬಿಟ್ಟು ಒಂದರಂತೆ ಜೋಡಿಸಿ ಕಟ್ಟಿನ ತಳದಲ್ಲಿ ಇರಿಸಿಕೊಳ್ಳಬೇಕು. ಕಲಸುವಾಗ ಅವು ಚದುರದಂತೆ ನೋಡಿಕೊಳ್ಳಬೇಕು. ಜನರಿಗೆ ತೋರಿಸುವುದು ತಳದ ಎಕ್ಕವನ್ನು. ಎಳೆದು ಇಡುವುದು ಅದರ ಪಕ್ಕದ ಗುಲಾಮವನ್ನು. ಇದರಲ್ಲಿ ಬೆರಳುಗಳ ಕೆಲಸ ಅರ್ಧ ಮಾತ್ರ. ತೋರಿಸಿದ ಎಲೆಯೇ ಮೇಜಿಗೆ ಬಂದಿತೆಂದು ಊಹಿಸಿಕೊಂಡು ಉಳಿದ ಅರ್ಧವನ್ನು ಪೂರೈಸುವುದು ನೋಡುವವರ ಮನಸ್ಸು.

ಸ್ಕಾಟನು ವಿನೋದಕ್ಕಾಗಿ ಈ ಗುಟ್ಟನ್ನು ಬರೆದವನಲ್ಲ. ಕೆಂಟ್ ಪ್ರಾಂತ್ಯದ ಜಮೀನುದಾರನಾದ ಆತನು 1574ರಲ್ಲಿ ಹಾಪ್ ಎಂಬ ಬೆಳೆಯ ಸಾಗುವಳಿಯನ್ನು ಕುರಿತು ಪುಸ್ತಕ ಬರೆದಿದ್ದ ವ್ಯವಹಾರಜ್ಞ. ಅವನ ಕಾಲದಲ್ಲಿ ಹಸು ಹಾಲು ಬತ್ತಿಸಿದರೆ, ಮಗು ಕಾಯಿಲೆ ಬಿದ್ದರೆ, ನೆರೆಯ ಬಡ ಮುದುಕಿಯ ಮೇಲೆ ಮಾಟಗಾತಿಯೆಂಬ ಆರೋಪ ಬರುತ್ತಿತ್ತು. 1582ರಲ್ಲಿ ಎಸೆಕ್ಸ್ ಪ್ರಾಂತ್ಯದ ಸೇಂಟ್ ಓಸಿತ್ ಎಂಬ ಊರಿನ ಹೆಂಗಸರ ವಿಚಾರಣೆ ನಡೆದು, ಇಬ್ಬರನ್ನು ಗಲ್ಲಿಗೇರಿಸಲಾಯಿತು. ‘ನಾವು ಕಣ್ಣಾರೆ ಕಂಡೆವು’ ಎಂಬ ಸಾಕ್ಷ್ಯಕ್ಕೆ ಅಂದು ಅಷ್ಟು ಬೆಲೆಯಿತ್ತು. ಪಿಶಾಚಿಯ ನೆರವಿಲ್ಲದೆಯೇ ಎಕ್ಕವು ಗುಲಾಮವಾಗಬಲ್ಲುದಾದರೆ, ವಿಸ್ಮಯಕರವಾದುದೆಲ್ಲವೂ ಮಾಟವೆಂದು ಹೇಳುವುದು ಹೇಗೆ? ಸ್ಕಾಟನು ತನ್ನ ಕಾಲದವರ ಮುಂದಿಟ್ಟ ಪ್ರಶ್ನೆಯ ಸಾರ ಇದೇ.

ಗುಟ್ಟನ್ನು ಹೊರಗೆಡಹುವುದು ಜಾದೂಗಾರರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂದು ಕೆಲವರು ಕೇಳಬಹುದು. ಈ ಅಳುಕು ಸ್ಕಾಟನಿಗೂ ಇದ್ದಿತು. ಆ ವಿದ್ಯೆಯಿಂದ ಬದುಕುವ ಬಡವರಿಗೆ ತನ್ನ ಬರಹದಿಂದ ತೊಂದರೆಯಾದೀತೆಂದು ಆತನು ವ್ಯಥೆಪಟ್ಟಿದ್ದಾನೆ. ಆದರೆ ಒಂದು ಕಡೆ ಆಟದ ಸ್ವಾರಸ್ಯ, ಇನ್ನೊಂದು ಕಡೆ ನಿರಪರಾಧಿಯ ಪ್ರಾಣ ಇರುವಾಗ, ತಕ್ಕಡಿ ಯಾವ ಕಡೆಗೆ ಬಾಗಬೇಕೆಂಬುದರಲ್ಲಿ ಸಂದೇಹವಿಲ್ಲ. ಅಲ್ಲದೆ, ಗುಟ್ಟು ಅಚ್ಚಾಗಿ ನಾಲ್ಕು ಶತಮಾನಗಳು ಕಳೆದರೂ ಎಕ್ಕಗಳು ಮಾರ್ಪಡುವ ಆಟ ಅಳಿದಿಲ್ಲ. ನೋಡುವವರ ಬೆರಗೂ ಕುಂದಿಲ್ಲ. ತಿಳಿವಳಿಕೆಯಿಂದ ಕಲೆ ಸಾಯುವುದಿಲ್ಲ. ಸಾಯುವುದು ಮೋಸ ಮಾತ್ರ.

ಇಸ್ಪೀಟೆಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಎಷ್ಟೋ ಮನೆಗಳನ್ನು ಜೂಜು ಹಾಳುಮಾಡಿದೆ. ಅಪರಿಚಿತರೊಡನೆ ಆಡುವಾಗ ಪೆದ್ದನಂತೆಯೋ ಕುಡಿದವನಂತೆಯೋ ತೋರುವವನ ವಿಷಯದಲ್ಲಿ ಎಚ್ಚರವಿರಲೆಂದು ಸ್ಕಾಟನೂ ಹೇಳಿದ್ದಾನೆ. ಕೈಚಳಕ ಒಂದೇ ಆದರೂ ಅದನ್ನು ಬಳಸುವವರು ಒಂದೇ ಬಗೆಯವರಲ್ಲ. ಜೂಜುಕೋರನು ಅದನ್ನು ಬಚ್ಚಿಟ್ಟು ಹಣ ಕೀಳುತ್ತಾನೆ. ಕಪಟಿಯು ಅದನ್ನು ದೈವಶಕ್ತಿಯೆಂದು ಸಾರಿ ಭಕ್ತಿಯನ್ನೇ ದೋಚುತ್ತಾನೆ. ಜಾದೂಗಾರನಾದರೋ ‘ಇದು ಕಣ್ಕಟ್ಟು’ ಎಂದು ಮೊದಲೇ ಒಪ್ಪಿಕೊಂಡು ನಮ್ಮನ್ನು ರಂಜಿಸುತ್ತಾನೆ. ಈ ಪ್ರಾಮಾಣಿಕತೆಯೇ ಅವನ ವಿದ್ಯೆಗೆ ಕಲೆಯ ಗೌರವವನ್ನು ತಂದುಕೊಟ್ಟಿದೆ.

ವಿವೇಕದ ಮಾತು ಬೇಗನೆ ಗೆಲ್ಲುವುದಿಲ್ಲ. 1597ರಲ್ಲಿ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸನೇ ಗ್ರಂಥವೊಂದನ್ನು ಬರೆದು ಸ್ಕಾಟನ ವಾದವನ್ನು ಖಂಡಿಸಿದನು. ಮಾಟಗಾತಿಯೆಂದು ಶಿಕ್ಷಿಸುವ ಕಾನೂನು ಬ್ರಿಟನ್ನಿನಲ್ಲಿ ರದ್ದಾಗಲು 1735ರ ಶಾಸನದವರೆಗೆ ಕಾಯಬೇಕಾಯಿತು. ಈ ಪಿಡುಗು ದೂರದೇಶದ ಹಳೆಯ ಕಥೆಯೆಂದು ಭಾವಿಸುವಂತೆಯೂ ಇಲ್ಲ. ಮಾಟಗಾತಿಯೆಂಬ ಹಣೆಪಟ್ಟಿ ಹಚ್ಚಿ ಹೆಂಗಸರನ್ನು ಹಿಂಸಿಸುವುದನ್ನು ತಡೆಯಲು ಬಿಹಾರ ರಾಜ್ಯವು 1999ರಲ್ಲಿ ಶಾಸನ ಮಾಡಬೇಕಾಯಿತು. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ ಶಾಸನವನ್ನು ಕರ್ನಾಟಕವು 2017ರಲ್ಲಿ ರೂಪಿಸಿತು.

ಆದರೆ ಕಾನೂನು ತಪ್ಪಿತಸ್ಥನನ್ನು ಶಿಕ್ಷಿಸಬಲ್ಲುದೇ ಹೊರತು, ನೋಡುವ ಕಣ್ಣಿನ ಹಿಂದೆ ವಿಚಾರವನ್ನು ಇರಿಸಲಾರದು. ಅದು ಪ್ರತಿಯೊಬ್ಬನೂ ತಾನೇ ಮಾಡಿಕೊಳ್ಳಬೇಕಾದ ಕೆಲಸ. ಜಾದೂಗಾರನ ಮುಂದೆ ಕುಳಿತಾಗ ಮನಸಾರೆ ಬೆರಗಾಗುವುದು ತಪ್ಪಲ್ಲ. ಮೋಸಹೋದುದಕ್ಕೆ ನಾಚಬೇಕಾದುದೂ ಇಲ್ಲ. ಚಪ್ಪಾಳೆ ತಟ್ಟಿದ ಮೇಲೆ ‘ಇದು ಹೇಗೆ ನಡೆಯಿತು?’ ಎಂದು ಕೇಳಿಕೊಳ್ಳುವುದನ್ನು ಮಾತ್ರ ಮರೆಯಬಾರದು. ಆ ಪ್ರಶ್ನೆಯನ್ನು ಸಕಾಲದಲ್ಲಿ ಕೇಳುವ ನಾಲ್ಕು ಜನರಿರುವ ಊರಿನಲ್ಲಿ ಯಾವ ಮುದುಕಿಯೂ ಮಾಟಗಾತಿಯಾಗಲಾರಳು.