ರೈಲು, ಸೈಕಲ್ಲು ಮತ್ತು ಬಿಡಾರ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದರು. ಹೇಗೆ ಸುತ್ತಬೇಕೆಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಆಗ ಇರಲಿಲ್ಲ. ಬಡವನು ನಡೆದು ಹೋಗುತ್ತಿದ್ದ, ಉಳ್ಳವನು ಗಾಡಿ ಕಟ್ಟಿಸುತ್ತಿದ್ದ. ದಾರಿಯ ಏರು, ಇಳಿಜಾರು, ಹಳ್ಳ, ನೆರಳು ಎಲ್ಲವೂ ಇಬ್ಬರ ಅನುಭವಕ್ಕೂ ಬಂದೇ ಬರುತ್ತಿದ್ದವು. ಇಂದು ಕಾರು ಮನೆಯ ಅಂಗಳದಿಂದ ಕಡಲ ದಂಡೆಯವರೆಗೆ ಕರೆದೊಯ್ಯುತ್ತದೆ. ಸಮಯ ಉಳಿಯುತ್ತದೆ, ಆದರೆ ದಾರಿ ಕಳೆದುಹೋಗುತ್ತದೆ. ಕಳೆದುಹೋದ ದಾರಿಯನ್ನು ಮರಳಿ ಪಡೆಯಲು ಸರಳವಾದ ಉಪಾಯವೊಂದಿದೆ. ಮಡಚುವ ಸೈಕಲ್ಲನ್ನು ರೈಲಿನಲ್ಲಿ ಒಯ್ದು, ನಿಲ್ದಾಣದಿಂದ ಮುಂದಿನ ಹಾದಿಯನ್ನು ಸ್ವಂತ ಕಾಲಬಲದಿಂದ ಕ್ರಮಿಸಿ, ಡೇರೆ ಹಾಕಿ ಒಂದು ರಾತ್ರಿ ತಂಗಿ ಮರಳುವುದೇ ಆ ಉಪಾಯ.

ಮಡಚುವ ಸೈಕಲ್ಲು ನಿನ್ನೆ ಮೊನ್ನೆಯ ಸೃಷ್ಟಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸೈನ್ಯಕ್ಕಾಗಿ ಇಂತಹ ಸೈಕಲ್ಲುಗಳನ್ನು ತಯಾರಿಸಲಾಗಿತ್ತು. 1944ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ಸೈನಿಕರಲ್ಲಿ ಕೆಲವರು ಅವುಗಳನ್ನು ಹೊತ್ತು ತಂದಿದ್ದರು. ಯುದ್ಧಕ್ಕೆ ಒದಗಿದ ವಸ್ತು ಶಾಂತಿಯ ಕಾಲಕ್ಕೂ ಒದಗಿತು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ಎಂಬ ತರುಣ ತನ್ನ ವಾಸದ ಮನೆಯಲ್ಲಿಯೇ ಮಡಚುವ ಸೈಕಲ್ಲೊಂದನ್ನು ರೂಪಿಸಿ, ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಇಗರ್ಜಿಯ ಹೆಸರನ್ನೇ ಅದಕ್ಕೆ ಇಟ್ಟನು. ಇಂತಹ ಸೈಕಲ್ಲುಗಳ ಗಾಲಿಗಳು ಚಿಕ್ಕವು. ಸಾಮಾನ್ಯವಾಗಿ 16ರಿಂದ 20 ಅಂಗುಲದಷ್ಟು. ಚೌಕಟ್ಟಿಗೆ ಕೀಲು ಇರುವುದರಿಂದ ಇಡೀ ಸೈಕಲ್ಲನ್ನು ಕೆಲವೇ ನಿಮಿಷಗಳಲ್ಲಿ ಮಡಚಿ ಚೀಲದಲ್ಲಿ ಕಟ್ಟಬಹುದು.

ಮಂಗಳೂರಿನ ನೆಲಕ್ಕೂ ಈ ಬಗೆಯ ಪಯಣಕ್ಕೂ ವಿಶೇಷವಾದ ಹೊಂದಾಣಿಕೆಯುಂಟು. ಈ ನಗರಕ್ಕೆ 1907ರಲ್ಲಿ ದಕ್ಷಿಣದ ಕಡೆಯಿಂದ ರೈಲು ಬಂದಿತು. 1979ರಲ್ಲಿ ಘಟ್ಟವನ್ನು ಹತ್ತಿ ಹಾಸನವನ್ನು ಸೇರುವ ಮಾರ್ಗ ಸಿದ್ಧವಾಯಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡು ಉತ್ತರದ ದಿಕ್ಕೂ ತೆರೆಯಿತು. ಹೀಗೆ ಕಡಲು, ಘಟ್ಟ, ನದೀಮುಖಗಳೆಲ್ಲ ರೈಲಿಗೆ ನಿಲುಕಿದವು. ಆದರೆ ರೈಲು ಯಾರನ್ನೂ ಅವರವರ ಗುರಿಯ ಬಾಗಿಲಿಗೆ ತಂದು ಬಿಡುವುದಿಲ್ಲ. ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವುದು ನೆಟ್ಟಣದಲ್ಲಿ. ಅಲ್ಲಿಂದ ಕುಕ್ಕೆ ಕ್ಷೇತ್ರಕ್ಕೆ ಸುಮಾರು 12 ಕಿಲೋಮೀಟರು. ಉಡುಪಿಯ ನಿಲ್ದಾಣವಿರುವುದು ಪೇಟೆಯ ಹೊರಗೆ ಇಂದ್ರಾಳಿಯಲ್ಲಿ. ಕುಂದಾಪುರದ ನಿಲ್ದಾಣವೂ ಪೇಟೆಯಿಂದ ದೂರ. ಈ ಅಂತರವನ್ನು ಅನಾನುಕೂಲವೆಂದು ಭಾವಿಸುವವರೇ ಹೆಚ್ಚು. ನಿಜವಾಗಿ ನೋಡಿದರೆ, ಪಯಣಿಗನು ನಾಡನ್ನು ಮುಖಾಮುಖಿಯಾಗಿ ಭೇಟಿಯಾಗುವುದು ಈ ಅಂತರದಲ್ಲಿಯೇ.

ಕುಂದಾಪುರದ ಉತ್ತರಕ್ಕಿರುವ ಮರವಂತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ. ಕಾರಿನಲ್ಲಿ ಹೋಗುವವನು ಎರಡು ನಿಮಿಷ ಬೆರಗಾಗಿ, ಒಂದು ಚಿತ್ರ ತೆಗೆದು ಮುಂದೆ ಸಾಗುತ್ತಾನೆ. ಸೈಕಲ್ಲು ತುಳಿಯುವವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಡಲು ಕೂಗಳತೆಯಲ್ಲಿಯೇ ಇರುವಾಗ ಈ ನದಿ ಅದನ್ನೇಕೆ ಸೇರುತ್ತಿಲ್ಲ? ಅವನು ನದಿಯ ಜೊತೆಯಲ್ಲಿಯೇ ಸಾಗುತ್ತಾನೆ. ಕೊಲ್ಲೂರಿನ ಕಡೆಯಿಂದ ಹರಿದು ಬಂದ ನೀರು ಕಡಲ ಹತ್ತಿರ ಬಂದೂ ಹಿಂದಿರುಗಿ, ಇತರ ನದಿಗಳೊಡನೆ ಕೂಡಿ ಗಂಗೊಳ್ಳಿಯ ಬಳಿ ಸಮುದ್ರವನ್ನು ಸೇರುವುದನ್ನು ಕಣ್ಣಾರೆ ಕಾಣುತ್ತಾನೆ. ಭೂಗೋಳದ ಪಾಠ ಅವನಿಗೆ ಬಾಯಿಪಾಠವಾಗಿ ಉಳಿಯುವುದಿಲ್ಲ, ನೆನಪಾಗಿ ಉಳಿಯುತ್ತದೆ.

ಇನ್ನೊಂದು ಪಾಠವನ್ನು ಹೊರೆ ಕಲಿಸುತ್ತದೆ. ಕಾರಿನಲ್ಲಿ ಮನೆಯ ಅರ್ಧ ಸಾಮಾನನ್ನು ತುಂಬಬಹುದು. ಸೈಕಲ್ಲಿನಲ್ಲಿ ಒಂದು ಚಿಕ್ಕ ಡೇರೆ, ಹೊದೆಯಲು ಒಂದು ಚಾದರ, ಒಂದು ಪಾತ್ರೆ, ಅಕ್ಕಿ, ನೀರು ಮತ್ತು ಪಂಕ್ಚರು ತಿದ್ದುವ ಸಾಮಗ್ರಿ ಇವಿಷ್ಟಕ್ಕೆ ಮಾತ್ರ ಎಡೆಯುಂಟು. ಮೊದಲ ಸಲ ಹೊರಡುವವನು ಹತ್ತು ವಸ್ತುಗಳನ್ನು ಹೆಚ್ಚಾಗಿ ಕಟ್ಟುತ್ತಾನೆ. ಮೊದಲ ಏರಿನಲ್ಲಿಯೇ ಅವು ಬೇಡವಾಗಿದ್ದವೆಂದು ತಿಳಿಯುತ್ತಾನೆ. ಬೇಕು ಬೇಡಗಳ ಈ ವಿವೇಕವನ್ನು ಯಾವ ಉಪದೇಶವೂ ಇಷ್ಟು ಬೇಗ ಕಲಿಸಲಾರದು.

ಈ ಪಯಣದ ವಿರುದ್ಧ ಎತ್ತುವ ಆಕ್ಷೇಪಣೆಗಳು ಹುರುಳಿಲ್ಲದವಲ್ಲ. ಮಡಚುವ ಸೈಕಲ್ಲಿನ ಬೆಲೆ ಸಾಮಾನ್ಯ ಕುಟುಂಬಕ್ಕೆ ಭಾರವಾದುದು. ಸಾದಾ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಹಣ ತೆತ್ತು ಕಳುಹಿಸಬಹುದಾದರೂ, ರೈಲು ಕ್ಷಣಕಾಲ ಮಾತ್ರ ನಿಲ್ಲುವ ಚಿಕ್ಕ ನಿಲ್ದಾಣಗಳಲ್ಲಿ ಅದನ್ನು ಇಳಿಸಿಕೊಳ್ಳುವುದು ಕಷ್ಟ. ಆದ್ದರಿಂದ ಶಾಲೆಗಳೂ ಸ್ಕೌಟ್ ದಳಗಳೂ ನಾಲ್ಕಾರು ಮಡಚುವ ಸೈಕಲ್ಲುಗಳನ್ನು ಕೊಂಡು, ಗ್ರಂಥಾಲಯದ ಪುಸ್ತಕಗಳಂತೆ ಸರದಿಯ ಮೇಲೆ ಮಕ್ಕಳಿಗೆ ಕೊಡುವುದು ಯೋಗ್ಯ. ರೈಲಿನಲ್ಲಿ ಒಯ್ಯುವ ಸಾಮಾನಿನ ತೂಕಕ್ಕೂ ಅಳತೆಗೂ ಮಿತಿಯಿರುವುದರಿಂದ ನಿಲ್ದಾಣದಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಹೆದ್ದಾರಿಯಲ್ಲಿ ಲಾರಿಗಳ ಭಯವೂ ಉಂಟು. ಒಳದಾರಿಗಳನ್ನು ಆರಿಸಿಕೊಂಡು, ಹಿರಿಯರೊಬ್ಬರ ಜೊತೆಯಲ್ಲಿ, ಹಗಲಿನಲ್ಲಿಯೇ ಸಾಗುವುದು ಕ್ಷೇಮ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಮಳೆಗಾಲ ಬಿಡಾರದ ಕಾಲವಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳೇ ತಕ್ಕವು.

ಎಲ್ಲಕ್ಕಿಂತ ಮುಖ್ಯವಾದುದು ಬಿಡಾರದ ನಡತೆ. 1996ರಲ್ಲಿ ಘಟ್ಟದ ರೈಲುಮಾರ್ಗವನ್ನು ಅಗಲಗೊಳಿಸಲು ಮುಚ್ಚಿದಾಗ, 57 ಸುರಂಗಗಳಿರುವ ಆ ಹಾದಿಯಲ್ಲಿ ಅನೇಕ ಚಾರಣಿಗರು ಹಳಿಯ ಮೇಲೆಯೇ ನಡೆದು ಕಾಡಿನ ಸೊಬಗನ್ನು ಸವಿದರು. ಈಗ ಅಲ್ಲಿ ರೈಲುಗಳು ಓಡುತ್ತಿವೆ. ಹಳಿಯ ಮೇಲೆ ನಡೆಯುವುದು ಅಪರಾಧ, ಪ್ರಾಣಕ್ಕೂ ಅಪಾಯ. ಆನೆಗಳಿರುವ ಆ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡೇರೆ ಹಾಕುವುದೂ ಸಲ್ಲದು. ಕಡಲ ದಂಡೆಯ ಮರಳು ಕಡಲಾಮೆಗಳು ಮೊಟ್ಟೆಯಿಡುವ ತಾಣ. ಅಲ್ಲಿ ಬೆಂಕಿಯೂ ಗದ್ದಲವೂ ಬೇಡ. ಯಾರದಾದರೂ ಹಿತ್ತಿಲಿನಲ್ಲೋ ಶಾಲೆಯ ಬಯಲಿನಲ್ಲೋ ಒಪ್ಪಿಗೆ ಕೇಳಿ ತಂಗುವುದೇ ಲೇಸು. ತೆಂಗಿನ ಮರದ ಬುಡ ಎಷ್ಟೇ ತಂಪಾಗಿದ್ದರೂ ಅಲ್ಲಿ ಮಲಗಬಾರದೆಂಬುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಒಪ್ಪಿಗೆ ಕೇಳಲು ಹೋದವನಿಗೆ ಮನೆಯವರು ಮೊದಲು ಬೆಲ್ಲ, ನೀರು ಕೊಟ್ಟು, ಊರು ಯಾವುದೆಂದು ವಿಚಾರಿಸುತ್ತಾರೆ. ಅಪರಿಚಿತರ ನಡುವೆ ವಿಶ್ವಾಸ ಮೂಡುವುದು ಹೀಗೆ. ಕೋಣೆಗೆ ಬಾಡಿಗೆ ತೆತ್ತು ಬಾಗಿಲು ಹಾಕಿಕೊಳ್ಳುವವನಿಗೆ ಈ ಭಾಗ್ಯವಿಲ್ಲ.

ರಜೆ ಬಂದೊಡನೆ ದೂರದ ಊರುಗಳ ಹೆಸರನ್ನು ಹೇಳುವ ಮಕ್ಕಳು ಇಂದು ಅನೇಕರಿದ್ದಾರೆ. ತಮ್ಮ ಮನೆಯ ಸಮೀಪದ ಹೊಳೆ ಎಲ್ಲಿ ಹುಟ್ಟಿ ಎಲ್ಲಿ ಕಡಲನ್ನು ಸೇರುತ್ತದೆಂದು ಬಲ್ಲವರು ವಿರಳ. ತಾವು ಅರಿಯದ ನೆಲವನ್ನು ಅವರು ನಾಳೆ ಪ್ರೀತಿಸುವುದಾಗಲಿ ಕಾಪಾಡುವುದಾಗಲಿ ಹೇಗೆ ಸಾಧ್ಯ? ಒಂದು ರೈಲು ಟಿಕೇಟು, ಒಂದು ಮಡಚುವ ಸೈಕಲ್ಲು, ಒಂದು ರಾತ್ರಿಯ ಬಿಡಾರ ಈ ಅರಿವಿಗೆ ಬಾಗಿಲನ್ನು ತೆರೆಯಬಲ್ಲವು. ಬೆಳಿಗ್ಗೆ ಡೇರೆಯನ್ನು ಸುತ್ತಿ ಕಟ್ಟಿದ ಮೇಲೆ, ಆ ಜಾಗದಲ್ಲಿ ಬಾಗಿದ ಹುಲ್ಲಿನ ಹೊರತು ಬೇರೇನೂ ಉಳಿಯದಿದ್ದರೆ, ಆ ಪಯಣ ಸಾರ್ಥಕವಾಯಿತೆಂದೇ ತಿಳಿಯಬೇಕು.