ಮೊದಲು ಮೋಟಾರು, ಅನಂತರ ಸರ್ವೋ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನವೆಂದರೆ ಒಂದು ಕಾಲಕ್ಕೆ ಮಣ್ಣಿನ ಜ್ವಾಲಾಮುಖಿ, ಬಣ್ಣದ ಕಾಗದದ ಸೌರಮಂಡಲ, ಗಾಜಿನ ನಳಿಕೆಯ ಕಾರಂಜಿ ಇಷ್ಟರಲ್ಲಿ ಮುಗಿಯುತ್ತಿತ್ತು. ಇಂದು ಅದೇ ಮೇಜುಗಳ ಮೇಲೆ ವಸ್ತುಗಳು ಚಲಿಸತೊಡಗಿವೆ. ರೈಲ್ವೆ ಗೇಟು ತಾನಾಗಿ ಇಳಿಯುತ್ತದೆ. ಕಸದ ಬುಟ್ಟಿ ಕೈ ತೋರಿದೊಡನೆ ಬಾಯಿ ತೆರೆಯುತ್ತದೆ. ಸೌರಫಲಕ ದೀಪದ ಬೆಳಕಿನತ್ತ ಮುಖ ತಿರುಗಿಸುತ್ತದೆ. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ ಆಯ್ದ ಶಾಲೆಗಳಿಗೆ ಟಿಂಕರಿಂಗ್ ಪ್ರಯೋಗಾಲಯಕ್ಕಾಗಿ 20 ಲಕ್ಷ ರೂಪಾಯಿಗಳವರೆಗೆ ನೆರವು ಒದಗಿಸಿತು. ಆ ನೆರವು ತಲುಪದ ಕಡೆಗಳಲ್ಲಿ ಹಳೆಯ ವಿದ್ಯಾರ್ಥಿಗಳೂ ಉದಾರಿಗಳಾದ ದಾನಿಗಳೂ ಸಲಕರಣೆಗಳ ಪೆಟ್ಟಿಗೆಗಳನ್ನು ಕೊಡಿಸುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಗೇಟನ್ನು ಎತ್ತಿಳಿಸುವ ಯಂತ್ರ ಯಾವುದು, ಅದನ್ನೇ ಏಕೆ ಆರಿಸಲಾಯಿತು ಎಂದು ವಿದ್ಯಾರ್ಥಿಯನ್ನು ಕೇಳುವವರು ವಿರಳ. ಕೇಳಿದಲ್ಲಿ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಪೆಟ್ಟಿಗೆಯಲ್ಲಿ ಸರ್ವೋ ಇತ್ತು, ಅದನ್ನೇ ಜೋಡಿಸಲಾಯಿತು.

ಸರ್ವೋ ಎಂಬುದು ಪ್ರತ್ಯೇಕ ಜಾತಿಯ ಯಂತ್ರವೇನೂ ಅಲ್ಲ. ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ, 9 ಗ್ರಾಂ ತೂಕದ ನೀಲಿ ಬಣ್ಣದ ಎಸ್‌ಜಿ-90ರ ಗೂಡನ್ನು ಬಿಚ್ಚಿದರೆ ಒಳಗೆ ದೊರೆಯುವುದು ಒಂದು ಪುಟ್ಟ ಡಿಸಿ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಚಕ್ರಗಳ ಸಾಲು, ಹಳೆಯ ರೇಡಿಯೋದ ಧ್ವನಿಗುಬ್ಬಿಯನ್ನು ಹೋಲುವ ಒಂದು ಪೊಟೆನ್ಷಿಯೋಮೀಟರು, ಮತ್ತು ಒಂದು ಚಿಕ್ಕ ನಿಯಂತ್ರಣ ಫಲಕ. ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಹೊರಗಿನಿಂದ ಒಂದು ವಿದ್ಯುತ್ ಮಿಡಿತ ಬರುತ್ತದೆ. ಆ ಮಿಡಿತದ ಅವಧಿ ಒಂದೂವರೆ ಮಿಲಿಸೆಕೆಂಡಾದರೆ ಅಕ್ಷವು ನಡುವಿನಲ್ಲಿ ನಿಲ್ಲಬೇಕು. ಅವಧಿ ಕಡಿಮೆಯಾದರೆ ಒಂದು ಬದಿಗೆ, ಹೆಚ್ಚಾದರೆ ಇನ್ನೊಂದು ಬದಿಗೆ. ಅಕ್ಷ ಈಗ ಎಲ್ಲಿದೆ ಎಂಬುದನ್ನು ಪೊಟೆನ್ಷಿಯೋಮೀಟರು ತಿಳಿಸುತ್ತದೆ; ಇರಬೇಕಾದ ಸ್ಥಾನಕ್ಕೂ ಇರುವ ಸ್ಥಾನಕ್ಕೂ ಅಂತರವಿರುವವರೆಗೆ ಫಲಕವು ಮೋಟಾರನ್ನು ತಿರುಗಿಸುತ್ತಲೇ ಇರುತ್ತದೆ. ಅಂದರೆ ಸ್ವಯಂಚಾಲನ ಶಾಸ್ತ್ರದ ಮೂಲಪಾಠವೊಂದು, ತನ್ನ ತಪ್ಪನ್ನು ತಾನೇ ಅಳೆದು ತಿದ್ದಿಕೊಳ್ಳುವ ವಿದ್ಯೆ, ಈ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಗೂಡಿನಲ್ಲಿ ಅಡಗಿದೆ. ದುರ್ದೈವವೆಂದರೆ ಅದು ಅಡಗಿಯೇ ಉಳಿಯುತ್ತದೆ. ವಿದ್ಯಾರ್ಥಿ ಮೂರು ತಂತಿಗಳನ್ನು ಸಿಕ್ಕಿಸಿ, ತೊಂಬತ್ತು ಎಂಬ ಅಂಕಿಯನ್ನು ಬರೆದರೆ ಅಕ್ಷ ತೊಂಬತ್ತು ಡಿಗ್ರಿಗೆ ಬಂದು ನಿಲ್ಲುತ್ತದೆ. ಹೇಗೆ ನಿಂತಿತೆಂದು ಯೋಚಿಸುವ ಪ್ರಸಂಗವೇ ಒದಗುವುದಿಲ್ಲ.

ಈ ಬಗೆಯ ಸರ್ವೋ ಬೆಳೆದುಬಂದುದು ರೇಡಿಯೋ ಸಂಕೇತದಿಂದ ಹಾರಿಸುವ ಆಟದ ವಿಮಾನಗಳಿಗಾಗಿ. ವಿಮಾನದ ಬಾಲದ ಹಗುರವಾದ ಪಟ್ಟಿಯನ್ನು ಸ್ವಲ್ಪ ಆಚೆಗೆ, ಸ್ವಲ್ಪ ಈಚೆಗೆ ತಿರುಗಿಸಿ ಹಿಡಿದಿರುವುದು ಅದರ ಕೆಲಸ. ಅಲ್ಪ ಭಾರ, ಅಲ್ಪ ದೂರ, ಖಚಿತ ಕೋನ: ಇವು ಅದರ ಜನ್ಮಗುಣಗಳು. ಈ ಗುಣಗಳಿಗೆ ಒಪ್ಪುವ ಕೆಲಸವನ್ನು ಕೊಟ್ಟರೆ ಅದಕ್ಕಿಂತ ಸೊಗಸಾದ ಸಾಧನ ಮತ್ತೊಂದಿಲ್ಲ. ಮಾದರಿ ರೈಲ್ವೆ ಗೇಟಿನ ಹಗುರವಾದ ಕಡ್ಡಿಗೆ, ದೂರ ಅಳೆಯುವ ಸಂವೇದಕವನ್ನು ಎಡಬಲಕ್ಕೆ ತಿರುಗಿಸುವುದಕ್ಕೆ, ಯಂತ್ರದ ಬೆರಳುಗಳಿಗೆ ಸರ್ವೋವೇ ಯೋಗ್ಯ. ಅಲ್ಲಿ ಡಿಸಿ ಮೋಟಾರಿಗೆ ಹಟ ಹಿಡಿಯುವುದು ಅವಿವೇಕವಾದೀತು.

ತೊಡಕು ಬರುವುದು ಅದನ್ನು ಎಲ್ಲ ಕಡೆಗೂ ಒಯ್ದಾಗ. ಎಸ್‌ಜಿ-90ರ ತಿರುಗುಬಲ 4.8 ವೋಲ್ಟಿನಲ್ಲಿ ಸುಮಾರು 1.8 ಕಿಲೋಗ್ರಾಂ-ಸೆಂಟಿಮೀಟರ್ ಎಂದು ಮುದ್ರಿತವಾಗಿರುತ್ತದೆ. ಈ ಅಂಕಿಯನ್ನು ನೋಡಿ ಒಂದೂಮುಕ್ಕಾಲು ಕಿಲೋ ಎತ್ತಬಹುದೆಂದು ಭ್ರಮಿಸುವವರುಂಟು. ಅಕ್ಷದಿಂದ 10 ಸೆಂಟಿಮೀಟರ್ ದೂರದಲ್ಲಿ ಭಾರವನ್ನು ತೂಗುಹಾಕಿದರೆ ಆ ಬಲ 180 ಗ್ರಾಮಿಗೆ ಇಳಿಯುತ್ತದೆ. ಅದೂ ಮೋಟಾರು ಅಲುಗಾಡದೆ ನಿಂತುಬಿಡುವ ಹಂತದ ಲೆಕ್ಕ. ನಿರಾಯಾಸವಾಗಿ ದುಡಿಯಬೇಕೆಂದರೆ ಅದರ ಅರ್ಧಕ್ಕಿಂತ ಕಡಿಮೆ ಭಾರ ಹೊರಿಸಬೇಕು, ಆ ಅರ್ಧದಲ್ಲಿ ತೋಳಿನ ಸ್ವಂತ ತೂಕವನ್ನೂ ಕಳೆಯಬೇಕು. ಸನ್ನೆಯ ನಿಯಮವನ್ನು ಪಠ್ಯಪುಸ್ತಕದಲ್ಲಿ ಓದಿದ ವಿದ್ಯಾರ್ಥಿಗೆ ಈ ಲೆಕ್ಕ ಕಷ್ಟದ್ದಲ್ಲ. ಆದರೆ ಲೆಕ್ಕ ಹಾಕಿದವರು ಯಾರು? ಕಸದ ಬುಟ್ಟಿಯ ಮುಚ್ಚಳ ಅರ್ಧ ತೆರೆದು ಗುಂಯ್‌ಗುಡುತ್ತ ನಿಲ್ಲುತ್ತದೆ. ಸರ್ವೋ ತನ್ನ ಸ್ಥಾನವನ್ನು ಮುಟ್ಟಲಾರದೆ ಪ್ರವಾಹವನ್ನು ಹೀರುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಕಡೆಗೆ ಪ್ಲಾಸ್ಟಿಕ್ಕಿನ ಹಲ್ಲು ಮುರಿಯುತ್ತದೆ. ಅದರ ಪ್ರವಾಹವನ್ನು ಆರ್ಡುಯಿನೋ ಫಲಕದಿಂದಲೇ ಪಡೆದಿದ್ದರಂತೂ ವೋಲ್ಟೇಜು ಕುಸಿದು ಫಲಕವೇ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಮುಖ್ಯ ಅತಿಥಿಗಳು ಮೇಜಿನ ಮುಂದೆ ನಿಂತಿರುವಾಗಲೇ ಹೀಗಾಗುವುದು ವಾಡಿಕೆ. ಪಾಪ, ಹುಡುಗ ತನ್ನ ಕಾರ್ಯಕ್ರಮದ ಸಾಲುಗಳಲ್ಲಿ ತಪ್ಪು ಹುಡುಕುತ್ತಾನೆ, ತಪ್ಪಿರುವುದು ಆಯ್ಕೆಯಲ್ಲಿ.

ಇನ್ನೊಂದು ವಿಪರ್ಯಾಸವೂ ಉಂಟು. ಸರ್ವೋ ಸುಮಾರು 180 ಡಿಗ್ರಿಗಿಂತ ಹೆಚ್ಚು ತಿರುಗದು. ಗಾಡಿಯ ಗಾಲಿಗೆ ಅದು ಒಗ್ಗದೆಂದು ಅರಿವಾದಾಗ ಒಳಗಿನ ತಡೆಯನ್ನು ಕತ್ತರಿಸಿ, ಪೊಟೆನ್ಷಿಯೋಮೀಟರಿನ ಸಂಬಂಧವನ್ನು ತಪ್ಪಿಸಿ ಅದು ಸದಾ ತಿರುಗುವಂತೆ ಮಾಡುವವರಿದ್ದಾರೆ. ಹಾಗೆ ಮಾಡಿದ ಸಿದ್ಧ ಸರ್ವೋಗಳೂ ಮಾರಾಟಕ್ಕಿವೆ. ಕಣ್ಣನ್ನು ಕಳೆದುಕೊಂಡ ಮೇಲೆ ಅದು ಹಲ್ಲುಚಕ್ರದ ಡಿಸಿ ಮೋಟಾರು ಮಾತ್ರ. ಗಾಲಿಗೆ ಅದೇ ಬೇಕಿದ್ದರೆ ಅಂಗಡಿಯಲ್ಲಿ ಬಿಓ ಮೋಟಾರೆಂದು ಕರೆಯುವ ಹಳದಿ ಗೂಡಿನ ಮೋಟಾರು ಮೊದಲಿನಿಂದಲೂ ಇತ್ತು.

ಡಿಸಿ ಮೋಟಾರು ಇಷ್ಟು ವಿಧೇಯವಲ್ಲ. ಅದಕ್ಕೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. ಪ್ರವಾಹ ಇರುವವರೆಗೆ ತಿರುಗುತ್ತದೆ. ಆರ್ಡುಯಿನೋದ ಒಂದು ಕಾಲಿನಿಂದ ಸಿಗುವ 20, 30 ಮಿಲಿಆಂಪಿಯರು ಅದಕ್ಕೆ ಸಾಲದು. ನಡುವೆ ಚಾಲಕ ಫಲಕವೊಂದು ಬೇಕು. ಬಹುಮಂದಿ ಕೊಳ್ಳುವ ಎಲ್298 ಫಲಕ ತಾನೇ ಎರಡು ವೋಲ್ಟಿನಷ್ಟನ್ನು ನುಂಗುವುದರಿಂದ ಆರು ವೋಲ್ಟು ಕೊಟ್ಟರೆ ಮೋಟಾರಿಗೆ ಮುಟ್ಟುವುದು ನಾಲ್ಕೇ. ಈ ಪ್ರತಿಯೊಂದು ತೊಡಕೂ ಭೌತವಿಜ್ಞಾನದ ಒಂದೊಂದು ಪಾಠವನ್ನು ಹೊತ್ತು ತರುತ್ತದೆ. ಭಾರ ಹೆಚ್ಚಿದಂತೆ ಪ್ರವಾಹ ಏರುವುದನ್ನು ಮೀಟರಿನಲ್ಲಿ ನೋಡಬಹುದು. ಹಲ್ಲುಚಕ್ರದ ಅನುಪಾತ 48ಕ್ಕೆ 1 ಎಂದರೆ ವೇಗದಲ್ಲಿ ಕಳೆದುದನ್ನು ಬಲದಲ್ಲಿ ಪಡೆಯುವುದೆಂದು ಬೆರಳಿನಿಂದ ಅಕ್ಷವನ್ನು ಹಿಡಿದೇ ಅರಿಯಬಹುದು. ಬಸ್ಸಿನ ಮುಂಗಾಜನ್ನು ಒರೆಸುವ ವೈಪರನ್ನು ನೋಡಿದವರಿಗೆ ಇನ್ನೂ ಒಂದು ಸಂಗತಿ ಹೊಳೆಯಬೇಕು. ಅಲ್ಲಿರುವುದು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ತಿರುಗುವ ಡಿಸಿ ಮೋಟಾರು. ಕ್ರ್ಯಾಂಕು ಮತ್ತು ಸರಳುಗಳು ಆ ತಿರುಗುವಿಕೆಯನ್ನು ಹೋಗಿಬರುವ ಚಲನೆಯಾಗಿ ಮಾರ್ಪಡಿಸುತ್ತವೆ. ಹೋಗಿಬರುವ ಚಲನೆ ಬೇಕೆಂದೊಡನೆ ಸರ್ವೋ ಹುಡುಕುವ ಅಭ್ಯಾಸವಾದ ಮಗುವಿಗೆ ಕ್ರ್ಯಾಂಕನ್ನು ಕಲ್ಪಿಸಿಕೊಳ್ಳುವ ಅಗತ್ಯವೇ ಬೀಳದು.

1997ರ ಜುಲೈ 4ರಂದು ಮಂಗಳಗ್ರಹದ ಮೇಲೆ ಇಳಿದ ಸೋಜರ್ನರ್ ಎಂಬ ಹತ್ತು ಕಿಲೋಗ್ರಾಂ ಚಿಲ್ಲರೆ ತೂಕದ ಬಂಡಿಯ ರಚನೆ ಈ ವಿಷಯದಲ್ಲಿ ಮನನೀಯ. ಅದಕ್ಕೆ ಆರು ಗಾಲಿಗಳು. ಪ್ರತಿ ಗಾಲಿಗೂ ಒಂದೊಂದು ಡಿಸಿ ಮೋಟಾರು. ನಾಲ್ಕು ಮೂಲೆಯ ಗಾಲಿಗಳನ್ನು ಎಡಬಲಕ್ಕೆ ಹೊರಳಿಸಲು ಬೇರೆ ನಾಲ್ಕು. ಗಾಲಿ ಎಷ್ಟು ಸುತ್ತಿತೆಂಬುದನ್ನು ಎನ್‌ಕೋಡರುಗಳೂ, ಎಷ್ಟು ಹೊರಳಿತೆಂಬುದನ್ನು ಪೊಟೆನ್ಷಿಯೋಮೀಟರುಗಳೂ ತಿಳಿಸುತ್ತಿದ್ದವು. ಬೇಕಾದಷ್ಟು ಆದೊಡನೆ ಮೋಟಾರನ್ನು ಆರಿಸಲಾಗುತ್ತಿತ್ತು. ದೂರ ಸಾಗಬೇಕಾದಲ್ಲಿ ಸುತ್ತುಗಳ ಎಣಿಕೆ, ಕೋನದಲ್ಲಿ ನಿಲ್ಲಬೇಕಾದಲ್ಲಿ ಕೋನದ ಅಳತೆ. ಸರ್ವೋವಿನ ಗೂಡಿನಲ್ಲಿರುವ ಅದೇ ಉಪಾಯವನ್ನು ಅಲ್ಲಿ ತಂತ್ರಜ್ಞರು ಕೆಲಸಕ್ಕೆ ತಕ್ಕಂತೆ ಬಿಡಿಬಿಡಿಯಾಗಿ ಕಟ್ಟಿದರು. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಒಂದು ಹಳದಿ ಮೋಟಾರು, ಒಂದು ಪೊಟೆನ್ಷಿಯೋಮೀಟರು ಮತ್ತು ಹತ್ತು ಸಾಲಿನ ಕಾರ್ಯಕ್ರಮದಿಂದ ಇದನ್ನು ಒರಟಾಗಿಯಾದರೂ ಮಾಡಿ ನೋಡಬಲ್ಲ. ಮೊದಲ ಸಲ ಅಕ್ಷವು ಗುರಿಯನ್ನು ದಾಟಿ ಹೋಗುತ್ತದೆ, ಹಿಂದಕ್ಕೆ ಬಂದು ಮತ್ತೆ ದಾಟುತ್ತದೆ, ತೂಗುಯ್ಯಾಲೆಯಾಡುತ್ತದೆ. ಅದನ್ನು ಪಳಗಿಸಲು ಒಂದು ವಾರ ಹಿಡಿಯಬಹುದು. ಆ ಬಳಿಕ ಅವನ ಕೈಗೆ ಸರ್ವೋ ಕೊಟ್ಟರೆ ಅವನು ಅದನ್ನು ನೋಡುವ ಬಗೆಯೇ ಬೇರೆ.

ನಲವತ್ತು ನಿಮಿಷದ ತರಗತಿ, ಮುಂದಿನ ವಾರವೇ ಪ್ರದರ್ಶನ, ಐವತ್ತು ಮಕ್ಕಳಿಗೆ ಒಬ್ಬ ಶಿಕ್ಷಕ. ಇಂಥ ಸ್ಥಿತಿಯಲ್ಲಿ ಬೇಗ ಚಲಿಸುವ ವಸ್ತುವೇ ಲೇಸೆಂದು ಅನುಭವಿ ಶಿಕ್ಷಕರು ವಾದಿಸುವುದುಂಟು. ಈ ವಾದ ಹಗುರವಾದುದಲ್ಲ. ಏನೂ ಚಲಿಸದೆ ನಿರಾಶನಾದ ಮಗುವಿಗಿಂತ ಸರ್ವೋವಿನಿಂದ ಉತ್ಸಾಹಗೊಂಡ ಮಗು ಮೇಲೆಂಬುದು ನಿಜ. ಆದುದರಿಂದ ಪ್ರದರ್ಶನದ ಹೊತ್ತಿಗೆ ಸರ್ವೋ ಬಳಸಲಿ. ವರ್ಷದ ಮೊದಲ ತಿಂಗಳುಗಳಲ್ಲಿ ಮಾತ್ರ ಮೋಟಾರಿಗೆ ಅವಕಾಶವಿರಲಿ. ಅದಕ್ಕೂ ಬಿಡುವಿಲ್ಲವೆಂದರೆ ದೋಷ ವೇಳಾಪಟ್ಟಿಯದು, ಶಿಕ್ಷಕರದಲ್ಲ.

ದಾನಿಗಳ ಗಮನಕ್ಕೂ ಒಂದು ಮಾತು ಬರಬೇಕಾಗಿದೆ. ಸೊಗಸಾದ ಮುಚ್ಚಳದ ಸಿದ್ಧ ಪೆಟ್ಟಿಗೆಯನ್ನು ವೇದಿಕೆಯ ಮೇಲೆ ಹಸ್ತಾಂತರಿಸುವುದು ಕಣ್ಣಿಗೆ ಹಬ್ಬ. ಬಿಡಿ ಮೋಟಾರುಗಳು, ಅಳತೆ ಅಳತೆಯ ಹಲ್ಲುಚಕ್ರಗಳು, ಐದು ವೋಲ್ಟಿನ ಗಟ್ಟಿಯಾದ ಒಂದು ವಿದ್ಯುತ್ ಮೂಲ, ನಾಲ್ಕಾರು ಮಲ್ಟಿಮೀಟರು, ಸೋಲ್ಡರಿಂಗ್ ಸಲಾಕೆ, ಹಾಗೂ ವರ್ಷವರ್ಷವೂ ಮುರಿದುದನ್ನು ತುಂಬಿಕೊಳ್ಳಲು ಒಂದಿಷ್ಟು ಹಣ ಇವು ಛಾಯಾಚಿತ್ರಕ್ಕೆ ಒಪ್ಪುವಂಥವಲ್ಲ. ಪ್ರಯೋಗಾಲಯ ನಡೆಯುವುದು ಇವುಗಳಿಂದಲೇ. ಪೆಟ್ಟಿಗೆಯ ಸರ್ವೋಗಳು ಕೆಟ್ಟ ಮೇಲೆ ಕಪಾಟಿಗೆ ಬೀಗ ಬಿದ್ದ ಶಾಲೆಗಳು ಇಲ್ಲದಿಲ್ಲ. ಆ ಬೀಗವನ್ನು ತೆರೆದು, ಹಲ್ಲು ಮುರಿದ ಸರ್ವೋಗಳನ್ನು ಮಕ್ಕಳ ಕೈಗೆ ಬಿಚ್ಚಲು ಕೊಡಬಹುದು. ಒಳಗಿನ ಮೋಟಾರು ಹೆಚ್ಚಿನ ಪಾಲು ಸುಸ್ಥಿತಿಯಲ್ಲಿಯೇ ಇರುತ್ತದೆ. ಒಂದೂವರೆ ವೋಲ್ಟಿನ ಎರಡು ಸೆಲ್ಲುಗಳನ್ನು ತಾಗಿಸಿದರೆ ತಿರುಗುತ್ತದೆ.