ಗ್ರಂಥಾಲಯದಲ್ಲಿ ಕಲ್ಪಿತ ವಾಸ್ತವ: ಒಂದು ವಿಚಾರ

ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ ಮೂಸಿ ನದಿಯ ದಂಡೆಯ ಮೇಲಿರುವ ರಾಜ್ಯ ಕೇಂದ್ರ ಗ್ರಂಥಾಲಯವು 1891ರಲ್ಲಿ ಸೈಯದ್ ಹುಸೇನ್ ಬಿಲ್ಗ್ರಾಮಿಯವರ ಪ್ರಯತ್ನದಿಂದ ಅಸಫಿಯಾ ಗ್ರಂಥಾಲಯವೆಂಬ ಹೆಸರಿನಲ್ಲಿ ಆರಂಭವಾಯಿತು. 1936ರಲ್ಲಿ ಈಗಿನ ಭವ್ಯ ಕಟ್ಟಡಕ್ಕೆ ಬಂದ ಈ ಸಂಸ್ಥೆ ತೆಲುಗು, ಮರಾಠಿ, ಕನ್ನಡ ಪ್ರದೇಶಗಳನ್ನು ಒಳಗೊಂಡಿದ್ದ ಸಂಸ್ಥಾನವೊಂದರ ಜ್ಞಾನಕೇಂದ್ರವಾಗಿತ್ತು. 1956ರಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಕನ್ನಡ ನಾಡಿನಲ್ಲಿ ವಿಲೀನಗೊಂಡರೂ ಅವುಗಳ ಚರಿತ್ರೆಯ ಎಷ್ಟೋ ಆಧಾರಗಳು ಈ ನಗರದಲ್ಲಿಯೇ ಉಳಿದುಕೊಂಡವು. ಆದುದರಿಂದ ಇಲ್ಲಿನ ಗ್ರಂಥಾಲಯಗಳ ಭವಿಷ್ಯವನ್ನು ಕುರಿತ ಯಾವ ಚರ್ಚೆಯೂ ಕನ್ನಡಿಗರಿಗೆ ಹೊರಗಿನದಲ್ಲ.

ಸಾರ್ವಜನಿಕ ಗ್ರಂಥಾಲಯಗಳಿಗೆ ವರ್ಚುವಲ್ ರಿಯಾಲಿಟಿ ಮತ್ತು ಆಗ್ಮೆಂಟೆಡ್ ರಿಯಾಲಿಟಿ ಎಂಬ ತಂತ್ರಗಳನ್ನು ತರಬೇಕೆಂಬ ಮಾತು ಈಚೆಗೆ ಕೇಳಿಬರುತ್ತಿದೆ. ಮೊದಲನೆಯದನ್ನು ಕಲ್ಪಿತ ವಾಸ್ತವ, ಎರಡನೆಯದನ್ನು ವರ್ಧಿತ ವಾಸ್ತವ ಎಂದು ಕರೆಯೋಣ. ಒಂದರಲ್ಲಿ ನೋಡುಗನು ಕಣ್ಣಿಗೆ ಕಟ್ಟಿದ ಉಪಕರಣದ ಮೂಲಕ ಬೇರೊಂದು ಲೋಕದೊಳಗೆ ನಿಂತಂತೆ ಅನುಭವಿಸುತ್ತಾನೆ; ಇನ್ನೊಂದರಲ್ಲಿ ಎದುರಿಗಿರುವ ವಸ್ತುವಿನ ಮೇಲೆಯೇ ಚಿತ್ರವೂ ವಿವರಣೆಯೂ ಮೂಡುತ್ತವೆ. ಇದರ ಮೂಲತತ್ತ್ವ ಹೊಸದಲ್ಲ. ಎರಡು ಕಣ್ಣುಗಳಿಗೆ ಎರಡು ಚಿತ್ರಗಳನ್ನು ತೋರಿಸಿ ಆಳದ ಭ್ರಮೆಯನ್ನು ಹುಟ್ಟಿಸುವ ಯಂತ್ರವನ್ನು ಚಾರ್ಲ್ಸ್ ವ್ಹೀಟ್‌ಸ್ಟನ್ 1838ರಲ್ಲಿಯೇ ವಿವರಿಸಿದ್ದನು. ತಲೆಗೆ ಧರಿಸುವ ಕಂಪ್ಯೂಟರ್ ಪರದೆಯನ್ನು ಐವನ್ ಸದರ್ಲೆಂಡ್ 1968ರಲ್ಲಿ ರೂಪಿಸಿದನು.

ಇದರಿಂದ ನಮಗೇನು ಪ್ರಯೋಜನ? ಉತ್ತರಕ್ಕೆ ಬೀದರಿನ ಮದರಸವನ್ನು ನೋಡಬಹುದು. ಬಹಮನಿ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಆ ವಿದ್ಯಾಲಯದಲ್ಲಿ ಮೂರು ಸಾವಿರದಷ್ಟು ಹಸ್ತಪ್ರತಿಗಳ ಭಂಡಾರವಿತ್ತೆಂದು ಹೇಳಲಾಗುತ್ತದೆ. 1696ರಲ್ಲಿ ಸಂಭವಿಸಿದ ಸ್ಫೋಟದಲ್ಲಿ ಕಟ್ಟಡದ ಬಹುಭಾಗ ಕುಸಿಯಿತು. ಈಗ ಉಳಿದಿರುವುದು ಒಂದು ಮಿನಾರು, ಅಲ್ಲಲ್ಲಿ ಬಣ್ಣದ ಹೆಂಚುಗಳ ಅಲಂಕಾರ, ಮುರಿದ ಗೋಡೆಗಳು. ನಾಶವಾದ ಆ ಗ್ರಂಥಾಲಯದೊಳಗೆ ಇಂದಿನ ಗ್ರಂಥಾಲಯದ ಓದುಗನೊಬ್ಬನು ಪ್ರವೇಶಿಸುವಂತಾದರೆ ಅದು ಬರಿಯ ಚಮತ್ಕಾರವೆನಿಸದು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಕನ್ನಡ ಮಗುವಿಗೆ ತನ್ನ ನೆಲದ ಚರಿತ್ರೆಯ ಬಾಗಿಲಾದೀತು. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನವೂ ಅಂಥದೇ. 1915ರಲ್ಲಿ ಹೈದರಾಬಾದಿನ ಪುರಾತತ್ತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಬೆಳಕು ಕಂಡ ಅದರ ಬ್ರಾಹ್ಮೀ ಅಕ್ಷರಗಳ ಮೇಲೆ ಕನ್ನಡ ಲಿಪ್ಯಂತರವೂ ಅರ್ಥವೂ ಮೂಡಿದರೆ, ಬಂಡೆಯೇ ಪಾಠ ಹೇಳಿದಂತಾಗುತ್ತದೆ.

ಆದರೂ ಸಂಭ್ರಮಕ್ಕೆ ಮುನ್ನ ಕೆಲವು ಪ್ರಶ್ನೆಗಳನ್ನು ಎದುರಿಸಬೇಕು. ಅಫ್ಜಲ್‌ಗಂಜಿಗೂ ಚಿಕ್ಕಡಪಲ್ಲಿಯ ನಗರ ಕೇಂದ್ರ ಗ್ರಂಥಾಲಯಕ್ಕೂ ಪ್ರತಿನಿತ್ಯ ಬರುವವರಲ್ಲಿ ಸ್ಪರ್ಧಾ ಪರೀಕ್ಷೆಗಳಿಗೆ ಓದುವ ನಿರುದ್ಯೋಗಿ ತರುಣ ತರುಣಿಯರೇ ಹೆಚ್ಚು. ಅವರಿಗೆ ಬೇಕಾದುದು ಕುಳಿತುಕೊಳ್ಳಲು ಸ್ಥಳ, ಗಾಳಿ ಬೆಳಕು, ಹೊಸ ಪುಸ್ತಕ. ಆಸ್ತಿತೆರಿಗೆಯೊಡನೆ ಜನರಿಂದ ಸಂಗ್ರಹಿಸುವ ಗ್ರಂಥಾಲಯ ಕರದ ಹಣದಲ್ಲಿ ಇವುಗಳಿಗೆ ಮೊದಲ ಹಕ್ಕು. ಪುಸ್ತಕದ ಬಾಬನ್ನು ಕಡಿದು ಉಪಕರಣ ಕೊಳ್ಳುವುದು ಬೇರನ್ನು ಕತ್ತರಿಸಿ ಎಲೆಗೆ ನೀರೆರೆದಂತೆ.

ಎರಡನೆಯ ಪ್ರಶ್ನೆ ಒಡೆತನದ್ದು. ಗೂಗಲ್ ಸಂಸ್ಥೆಯು 2014ರಲ್ಲಿ ಅಗ್ಗದ ರಟ್ಟಿನ ಕನ್ನಡಕವನ್ನು ಹೊರತಂದಿತು. ಶಾಲೆಗಳಿಗಾಗಿ ಕಲ್ಪಿತ ಪ್ರವಾಸಗಳ ಯೋಜನೆಯನ್ನೂ ನಡೆಸಿತು. 2021ರಲ್ಲಿ ಎರಡನ್ನೂ ನಿಲ್ಲಿಸಿತು. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಜಾಲತಾಣ ಮುಚ್ಚಿಹೋದರೂ, ಅದರ ಕನ್ನಡ ಪುಸ್ತಕಗಳು ಇಂದಿಗೂ ಓದಲು ಸಿಗುತ್ತಿರುವುದಕ್ಕೆ ಪ್ರತಿಗಳು ಬೇರೆಡೆ ಇದ್ದುದೇ ಕಾರಣ. ಉಪಕರಣ ಹಳತಾಗುತ್ತದೆ, ಕಂಪನಿಯ ಆಸಕ್ತಿ ಬದಲಾಗುತ್ತದೆ. ಆದುದರಿಂದ ತಯಾರಾದ ಸಾಮಗ್ರಿ ಗ್ರಂಥಾಲಯದ ಸ್ವತ್ತಾಗಿರಬೇಕು. ಸಾಮಾನ್ಯ ಪರದೆಯ ಮೇಲೂ ತೆರೆಯುವಂತಿರಬೇಕು.

ಮೂರನೆಯದು ಪ್ರಾಮಾಣಿಕತೆಯ ಪ್ರಶ್ನೆ. ಗ್ರಂಥಸಂಪಾದಕನು ತ್ರುಟಿತ ಪಾಠವನ್ನು ಊಹೆಯಿಂದ ತುಂಬಿದಾಗ ಅದನ್ನು ಆವರಣದಲ್ಲಿಟ್ಟು ತೋರಿಸುತ್ತಾನೆ. ಓದುಗನಿಗೆ ಕವಿಯ ಮಾತಾವುದು, ಸಂಪಾದಕನ ಊಹೆಯಾವುದು ಎಂಬುದು ತಿಳಿದಿರಬೇಕಷ್ಟೆ. ಕುಸಿದ ಗೋಡೆಯನ್ನು ಚಿತ್ರದಲ್ಲಿ ಮತ್ತೆ ಎಬ್ಬಿಸುವವರಿಗೂ ಇದೇ ಶಿಸ್ತು ಅನ್ವಯಿಸಬೇಕು. ಉಳಿದಿರುವ ಕಲ್ಲು ಒಂದು ಬಣ್ಣದಲ್ಲಿ, ಊಹಿಸಿದ ಕಲ್ಲು ಇನ್ನೊಂದು ಬಣ್ಣದಲ್ಲಿ ಕಾಣಲಿ. ಕಣ್ಣಾರೆ ಕಂಡದ್ದನ್ನು ಜನ ಸುಲಭವಾಗಿ ನಂಬುತ್ತಾರೆ. ಆ ನಂಬಿಕೆಯನ್ನು ದುರುಪಯೋಗಪಡಿಸಿಕೊಂಡರೆ ಚರಿತ್ರೆಯ ಹೆಸರಿನಲ್ಲಿ ಕಟ್ಟುಕಥೆ ಬೆಳೆಯುತ್ತದೆ. ಈ ಕಾರ್ಯದಲ್ಲಿ ತಂತ್ರಜ್ಞರ ಜೊತೆಗೆ ಭಾಷಾವಿಭಾಗಗಳೂ ಇರಬೇಕೆನ್ನುವುದು ಇದಕ್ಕಾಗಿಯೇ.

ಗ್ರಂಥಾಲಯವು ಬೆಳೆಯುವ ಜೀವಿಯೆಂದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರತಿಪಾದಿಸಿದರು. ಬೆಳವಣಿಗೆಯನ್ನು ತಡೆಯುವುದು ನಮ್ಮ ಉದ್ದೇಶವಾಗಬಾರದು. ಹೈದರಾಬಾದಿನ ಒಂದು ಗ್ರಂಥಾಲಯದಲ್ಲಿ, ಬೀದರಿನ ಮದರಸವೊಂದನ್ನೇ ಆರಿಸಿಕೊಂಡು, ಕನ್ನಡ, ತೆಲುಗು, ಉರ್ದು ಮೂರೂ ಭಾಷೆಗಳ ವಿವರಣೆಯೊಡನೆ ಪ್ರಯೋಗವನ್ನು ಆರಂಭಿಸಬಹುದು. ಪಕ್ಕದ ಕಪಾಟಿನಲ್ಲಿ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಚರಿತ್ರೆಯೂ ಕನ್ನಡದ ಗ್ರಂಥಗಳೂ ಕೈಗೆಟಕುವಂತಿರಲಿ. ಉಪಕರಣವನ್ನು ಕಳಚಿಟ್ಟವನು ಅಲ್ಲಿಂದ ಎದ್ದು ಒಂದು ಪುಸ್ತಕವನ್ನು ಕೇಳಿದರೆ, ಮಾಡಿದ ವೆಚ್ಚ ಸಾರ್ಥಕ.